ಕತ್ತರಿಸಿದ ನಾಲ್ಕು ಹಾಳೆ

ಗಲ್ಫಿನ ಮಾಹೂಝ್‌ನಲ್ಲಿದ್ದ ಮರ್ವಿನನ ಫ್ಲ್ಯಾಟಿಗೆ, ಊರವರ ತಕರಾರು ಬಿಡಿಸುವ ಮಾರ್ಥಾ ಆಂಟಿಯ ಜೊತೆ ಅವರ ನೆರೆಮನೆಯ ವಿನಿತಾ ಹೋದಾಗ, ಮನೆಕೆಲಸದ ಹಲೀಮಾ ಬಟ್ಟೆಯ ಗಂಟಿನ ಪಕ್ಕ ಕೂತು ಅಳುತ್ತಿದ್ದಳು. ಅವಳದು ಢಾಕಾ ಕಡೆ.

"ಮಾವನ ಡೈರಿಯ ನಾಲ್ಕು ಹಾಳೆ ಕತ್ತರಿಸಿದ್ದಾರೆ ಆಂಟಿ," ಎಂದ ಮರ್ವಿನ್. "ನನ್ನ ಅಪ್ಪ ತೀರಿಹೋದ ದಿನದ್ದೇ."

"ಪಪ್ಪನ ರೂಮ್ ಕ್ಲೀನ್ ಮಾಡುದು ಇವಳೊಬ್ಬಳೇ," ಎಂದಳು ಅವನ ಹೆಂಡತಿ ರೆಶ್ಮಾ.

ಡೈರಿ ಈ ಮನೆಯಲ್ಲೇ ಇದ್ದ ರೆಶ್ಮಾಳ ತಂದೆ, ಸೈನ್ಯದ ಮಾಜಿ ಹವಾಲ್ದಾರ ರಾಬರ್ಟರದು. ಯುದ್ಧದ ವರ್ಷ ಉತ್ತರದ ಹಿಮಗಡಿಯ ಬ್ಯಾರಕ್ಕಿನಲ್ಲಿ ಬರೆದದ್ದು. ಅವರ ಜೊತೆ ಸೈನ್ಯದಲ್ಲಿದ್ದ ಮರ್ವಿನನ ತಂದೆ ಸ್ಯಾವಿಯೊ ಅಲ್ಲೇ ಸತ್ತಿದ್ದರು. ಶೆಲ್ಲು ಬಿದ್ದು ಹೋದನೆಂದು ಊರಿಗೆ ಸುದ್ದಿ ತಂದವರು ರಾಬರ್ಟರೇ. ಆಗ ಮರ್ವಿನನಿಗೆ ಎರಡು ವರ್ಷ. ಅಪ್ಪನ ಕೊನೆಯ ದಿನಗಳನ್ನು ಓದಬೇಕೆಂದು ಅವನು ಡೈರಿ ಕೇಳಿ ವಾರವಾಗಿತ್ತಷ್ಟೆ.

ಮಾರ್ಥಾ ರಾಬರ್ಟರ ಕೋಣೆಗೆ ಹೋದರು. ಆಗಸ್ಟಿನ ಉರಿ, ಎ.ಸಿ. ಓಡುತ್ತಿದ್ದರೂ ಕಿಟಕಿ ತೆರೆದೇ ಇತ್ತು. "ಪಪ್ಪ ಯಾವತ್ತೂ ಹಾಗೆ, ಮುಚ್ಚಿ ಮಲಗುದಿಲ್ಲ," ಎಂದಳು ರೆಶ್ಮಾ.

ಆ ಚಳಿಯಲ್ಲಿ ಪೆನ್ನಿನ ಶಾಯಿ ಹೆಪ್ಪುಗಟ್ಟುತ್ತಿದ್ದುದರಿಂದ ಡೈರಿಯಿಡೀ ಪೆನ್ಸಿಲಿನಲ್ಲಿ ಒತ್ತಿ ಬರೆದದ್ದು. ಮಾರ್ಥಾ ಕತ್ತರಿಸಿದ ಜಾಗದ ಮುಂದಿನ ಖಾಲಿ ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಒತ್ತಿದ ಗುರುತಿನಲ್ಲಿ ವಿನಿತಾಳಿಗೆ ಎರಡೇ ಪದ ಕಂಡವು: ‘ಕಿಂಡಿ’, ‘ಮುಚ್ಚಿದೆ’. ಆಂಟಿಯ ಮುಖ ಬಾಡಿತು.

ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ ಅವರು ಮೆಲ್ಲಗೆ ಹೇಳಿದರು: "ಕತ್ತರಿಸಿದವರು ಓದಿ, ಆ ನಾಲ್ಕನ್ನೇ ಆರಿಸಿದ್ದಾರೆ. ಹಲೀಮಾಗೆ ಕನ್ನಡ ಬರುದಿಲ್ಲ. ರೆಶ್ಮಾ ಇಲ್ಲೇ ಬೆಳೆದವಳು, ಓದ್ಲಿಕ್ಕೆ ಅವಳಿಗೂ ಬರುದಿಲ್ಲ. ಮರ್ವಿನ್‌ಗೆ ಬರ್ತದೆ, ಆದ್ರೆ ಹಾಳೆ ಬೇಕಾದದ್ದೇ ಅವನಿಗೆ. ಉಳಿದವರು ನೀವು, ರಾಬರ್ಟ್. ಮುಚ್ಚಿದ ಕೋಣೆಯಲ್ಲಿ ನಿಮಗೆ ಇವತ್ತಿಗೂ ನಿದ್ದೆ ಬರುದಿಲ್ಲ. ಶೆಲ್ಲು ಬೀಳಲೇ ಇಲ್ಲ, ಅಲ್ವಾ?"

ರಾಬರ್ಟ್ ಅಂಗಿಯ ಜೇಬಿನಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಅಪ್ಪನಿಗೆ ಜ್ವರ ಇತ್ತು ಪುತಾ," ಎಂದು ಸ್ವಂತ ಮಗನನ್ನು ಕರೆವಂತೆ ಮರ್ವಿನನ ಕಡೆ ತಿರುಗಿದರು. "ನಾನು ಪಹರೆಗೆ ಹೋಗುವಾಗ ಅವನಿಗೆ ಚಳಿ ಆಗ್ಬಾರ್ದು ಅಂತ ಗಾಳಿಕಿಂಡಿ ಮುಚ್ಚಿದೆ. ಸೀಮೆಎಣ್ಣೆ ಒಲೆ ಉರೀತಾ ಇತ್ತು, ಅದರ ವಿಷಗಾಳಿ ಒಳಗೇ ತುಂಬಿತು. ವಾಪಸ್ ಬಂದು ಎಬ್ಬಿಸಿದೆ... ಏಳಲಿಲ್ಲ. ಸುಡ್ಲಿಕ್ಕೂ ಆಗ್ಲಿಲ್ಲ ಈ ಹಾಳೆ, ನಿನಗೆ ತೋರಿಸ್ಲಿಕ್ಕೂ ಆಗ್ಲಿಲ್ಲ."

"ಈ ಪಾಪದವಳನ್ನು ಕಳ್ಳಿ ಅಂದಾಗಲೂ ಸುಮ್ಮನಿದ್ರಲ್ಲ!" ಎಂದರು ಮಾರ್ಥಾ.

ಮುದುಕರು ಹಲೀಮಾಳಿಗೆ ಕೈಮುಗಿದರು. ರೆಶ್ಮಾ ಅವಳ ಗಂಟನ್ನು ಎತ್ತಿಕೊಂಡು ಒಳಗೆ ಹೋದಳು.

ಮರ್ವಿನ್ ಊರಲ್ಲಿದ್ದ ತಾಯಿಯ ನಂಬರು ಒತ್ತಿ, ಫೋನನ್ನು ಮಾವನ ಕೈಗಿಟ್ಟ. "ಅಮ್ಮನಿಗೆ ನೀವೇ ಹೇಳಿ," ಎಂದು ಬಾಗಿಲ ಕಡೆ ನಡೆದ.

"ಹಲೋ, ಮರ್ವಿನ್?" ಎಂದಿತು ಆಚೆಯ ದನಿ. ರಾಬರ್ಟ್ ಫೋನನ್ನು ಎದೆಗೊತ್ತಿಕೊಂಡು ಮೇಜಿನ ಮೇಲಿನ ಹಾಳೆಗಳನ್ನು ನೋಡಿದರು.

ಹೊಸ್ತಿಲಲ್ಲಿ ಮರ್ವಿನ್ ನಿಂತ. ತಿರುಗಿ ಬಂದು ಅವರ ಪಕ್ಕದಲ್ಲಿ ಕೂತ.