ಬೆಟ್ಟ ಹತ್ತಿದ ಹಡಗು

“ಅಲ್ಲ ಕಣೇ, ಬೆಟ್ಟದ ಮೇಲೆ ಹಡಗು ಹೆಂಗೆ ಹೋಯ್ತು?”

ಗೌಸಿಯಾ ಇಷ್ಟು ಕೇಳಿದ್ದೇ ತಡ, ಐದನೇ ಕ್ಲಾಸಿಗೆ ಕ್ಲಾಸೇ ನಯನಾಳ ಕಡೆ ತಿರುಗಿತು.

ತಪ್ಪು ನಯನಾಳದ್ದೇ. ಒಂದು ವಾರದಿಂದ ಅವಳದ್ದು ಹೇಳಿದ್ದೇ ಹೇಳಿದ್ದು. ಅವಳ ತಾತ ಮಿಲಿಟರಿಯಲ್ಲಿದ್ದರು. ಕಾರ್ಗಿಲ್ ಯುದ್ಧಕ್ಕೆ ಹೋಗಿದ್ದರು. ಅಲ್ಲಿ ಅವರಿಗೆ ಲಂಗರಿನ ಕೆಲಸ. ಲಂಗರು ಅಂದರೆ ಹಡಗನ್ನು ನಿಲ್ಲಿಸೋಕೆ ನೀರಿಗೆ ಇಳಿಬಿಡುವ ದೊಡ್ಡ ಕಬ್ಬಿಣದ ಕೊಂಡಿ. ಅದನ್ನು ತಾತ ಒಬ್ಬರೇ ಎತ್ತುತ್ತಿದ್ದರು. ಈ ಕೊನೆಯ ಮಾತನ್ನಂತೂ ನಯನಾ ತಾನೇ ಸೇರಿಸಿದ್ದಳು.

ಆದರೆ ಇವತ್ತು ರಾಜಶೇಖರ್ ಸರ್ ಇಂಡಿಯಾ ಮ್ಯಾಪ್ ನೇತುಹಾಕಿ ಕಾರ್ಗಿಲ್ ತೋರಿಸಿಬಿಟ್ಟಿದ್ದರು. ಅದರ ಸುತ್ತ ಎಲ್ಲಿ ನೋಡಿದರೂ ಕಂದು ಬಣ್ಣ. ಬೆಟ್ಟ, ಬೆಟ್ಟ, ಮತ್ತೂ ಬೆಟ್ಟ. ಸಮುದ್ರ ಬೇಕೆಂದರೆ ಬೆರಳನ್ನು ಜಾರಿಸಿಕೊಂಡು ಎಷ್ಟೋ ಕೆಳಗೆ ಬರಬೇಕಿತ್ತು. ಸರ್ ಸೀಮೆಸುಣ್ಣ ತರಲು ಆಚೆ ಹೋದದ್ದೇ ಗೌಸಿಯಾ ಪ್ರಶ್ನೆ ಹಾಕಿದ್ದಳು. ಅವಳು ನಯನಾಳ ಪಕ್ಕದಲ್ಲೇ ಕೂರುವ ಗೆಳತಿ. ಆದರೆ ಡೌಟ್ ಬಂದರೆ ಗೆಳತಿ ಗಿಳತಿ ಅಂತ ನೋಡುವವಳಲ್ಲ.

“ಅಲ್ಲೊಂದು ನದಿ ಇರ್ಬೋದು,” ಅಂದಳು ನಯನಾ.

“ನದೀಲಿ ಯುದ್ಧದ ಹಡಗಾ?” ಹಿಂದಿನ ಬೆಂಚಿನಿಂದ ಪ್ರದೀಪ ಎದ್ದು ನಿಂತ. “ಹಂಗಾದ್ರೆ ಹೇಮಾವತಿಗೂ ಒಂದು ಬಿಡ್ಸು ಮಾರಾಯ್ತಿ. ಸಕಲೇಶಪುರಕ್ಕೆ ಅದ್ರಲ್ಲೇ ಹೋಗ್ಬೋದು, ಬಸ್ ಕಾಯದು ತಪ್ಪುತ್ತೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರದೀಪ ಬಾಯಿಗೆ ಕೈ ಅಡ್ಡ ಹಿಡಿದು “ಪೋಂ... ಪೋಂ...” ಅಂದ. ಒಂದೇ ನಿಮಿಷದಲ್ಲಿ ನಯನಾಳಿಗೆ ‘ಹಡಗು ನಯನಾ’ ಅಂತ ಹೆಸರು ಬಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಸರ್ ಒಳಗೆ ಬಂದವರೇ, “ಈ ಶನಿವಾರ ಬ್ಯಾಗ್ ಇಲ್ಲದ ದಿನ, ಪಾಠ ಇರಲ್ಲ, ಗೊತ್ತಲ್ಲ? ನಯನಾಳ ತಾತ ಬಂದು ಮಿಲಿಟರಿ ಬಗ್ಗೆ ಮಾತಾಡ್ತಾರೆ. ನಾನು ಫೋನ್ ಮಾಡಿ ಕೇಳಿದೀನಿ, ಒಪ್ಕೊಂಡಿದಾರೆ,” ಅಂದರು.

ನಯನಾ ಮ್ಯಾಪಿನ ಕಂದು ಬಣ್ಣವನ್ನೇ ನೋಡುತ್ತ ಕೂತಳು.

ಸಂಜೆ ಮನೆಗೆ ಬಂದಾಗ ತಾತ ಬಸವರಾಜು ಅಂಗಳದಲ್ಲಿ ಕಾಫಿ ಹಣ್ಣು ಒಣಹಾಕುತ್ತಿದ್ದರು. ನಯನಾ ಬ್ಯಾಗನ್ನು ಜಗಲಿಗೆ ಎಸೆದು ಅವರ ಮುಂದೆ ನಿಂತಳು.

“ತಾತ, ನೀನು ಹಡಗಲ್ಲಿ ಇದ್ದೆ ತಾನೆ? ಇದ್ದೆ ಅನ್ನು!”

“ಹಡಗಾ? ನಾನು ಹಡಗು ನೋಡಿರದೇ ಮಂಗಳೂರಲ್ಲಿ. ಅದೂ ನಿಮ್ಮಜ್ಜಿ ಜೊತೆ. ಅವಳು ಹತ್ರ ಹೋಗಕ್ಕೂ ಬಿಡ್ಲಿಲ್ಲ.”

“ಮತ್ತೆ ಯುದ್ಧದಲ್ಲಿ ಲಂಗರಲ್ಲಿದ್ದೆ ಅಂತಿದ್ದೆ?”

ತಾತನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಅಯ್ಯೋ ಮಗಾ! ಮಿಲಿಟರೀಲಿ ಲಂಗರ್ ಅಂದ್ರೆ ಅಡುಗೆಮನೆ ಕಣೇ! ನಾನು ಬಂದೂಕು ಹಿಡಿದೋನೇ. ಆದ್ರೆ ಮ್ಯಾಲೆ ಬೆಟ್ಟದಲ್ಲಿದ್ದ ನಮ್ಮ ಹುಡುಗ್ರಿಗೆ ಊಟ ಹೊತ್ಕೊಂಡು ಹೋಗಕ್ಕೆ ಜನ ಬೇಕಿತ್ತು. ಇವನು ಮಲೆನಾಡಿನೋನು, ಬೆಟ್ಟ ಹತ್ತದು ಬತ್ತದೆ ಅಂತ ಸಾಹೇಬ್ರು ನನ್ನ ಲಂಗರ್‌ಗೆ ಹಾಕ್ಬುಟ್ರು.”

ನಯನಾ ನಗಲಿಲ್ಲ. ಹಡಗು ಹೋಗಿ ಅಡುಗೆಮನೆ ಬಂತಲ್ಲ! ಪ್ರದೀಪನಿಗೆ ಗೊತ್ತಾದರೆ ನಾಳೆಯಿಂದಲೇ ‘ಸೌಟು ನಯನಾ’ ಅನ್ನುತ್ತಾನೆ. ಆಮೇಲೆ ಏಳನೇ ಕ್ಲಾಸು ಮುಗಿಯುವ ತನಕ ಅದೇ ಹೆಸರು.

“ತಾತ, ಶನಿವಾರ ಸ್ಕೂಲಲ್ಲಿ ಲಂಗರ್ ಅಂತ ಬಾಯೇ ಬಿಡ್ಬೇಡ. ಬರೀ ಬಂದೂಕಿನ ವಿಷ್ಯ ಹೇಳು. ಪ್ರಾಮಿಸ್ ಮಾಡು.”

“ಬಂದೂಕಿನದು ಏನೈತೆ ಹೇಳಕ್ಕೆ?”

“ಪ್ರಾಮಿಸ್ ಮಾಡು ತಾತ!”

ತಾತನ ನಗು ನಿಂತಿತು. “ಆಯ್ತು ಬುಡು. ಪ್ರಾಮಿಸ್,” ಅಂದು ಮತ್ತೆ ಕಾಫಿ ಹಣ್ಣು ಹರಡತೊಡಗಿದರು. ಅವರ ಮುಖ ಸ್ವಲ್ಪ ಸಪ್ಪಗಾದದ್ದು ನಯನಾಳಿಗೆ ಕಂಡಿತು. ಆದರೆ ಅವಳಿಗೆ ಅವಳ ಚಿಂತೆಯೇ ದೊಡ್ಡದಾಗಿತ್ತು.

ಶನಿವಾರ ತಾತ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಎದೆಗೆ ಮೆಡಲ್ ಸಿಕ್ಕಿಸಿಕೊಂಡು ಬಂದರು. ಕ್ಲಾಸೆಲ್ಲ “ಹೋ!” ಅಂದಿತು. ಪ್ರದೀಪ ಕೂಡ ಪೋಂ ಅನ್ನಲಿಲ್ಲ. ನಯನಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು.

ತಾತ ಗಂಟಲು ಸರಿಮಾಡಿಕೊಂಡರು. “ಮಕ್ಳೇ, ಬಂದೂಕು ಅಂದ್ರೆ... ಅದಕ್ಕೆ ಒಂದು ನಳಿಗೆ ಇರ್ತೈತೆ. ಅದನ್ನ ದಿನಾ ಕ್ಲೀನ್ ಮಾಡ್ಬೇಕು. ಎಣ್ಣೆ ಹಾಕ್ಬೇಕು.” ಎದೆಯ ಮೆಡಲನ್ನು ಮುಟ್ಟಿ ನೋಡಿಕೊಂಡರು. “ಆಮೇಲೆ ಒರೆಸ್ಬೇಕು.”

ಮನೆಯಲ್ಲಿ ಮಾತಿಗೆ ಕೂತರೆ ಅಜ್ಜಿ ಬೈದರೂ ನಿಲ್ಲಿಸದ ತಾತ, ಇಲ್ಲಿ ಪದ್ಯ ಮರೆತ ಹುಡುಗನ ಹಾಗೆ ನಿಂತಿದ್ದರು. ಯಾರೋ ಆಕಳಿಸಿದರು.

ಪ್ರದೀಪ ಕೈ ಎತ್ತಿದ. “ತಾತ, ನೀವು ಎಷ್ಟು ಜನಕ್ಕೆ ಗುಂಡು ಹೊಡೆದ್ರಿ?”

ಆಕಳಿಸುತ್ತಿದ್ದವರೂ ಕಿವಿ ನೆಟ್ಟಗೆ ಮಾಡಿದರು. ತಾತ ಕಿಟಕಿಯ ಕಡೆ ನೋಡುತ್ತ ಶರ್ಟಿನ ಗುಂಡಿಯನ್ನು ಸುಮ್ಮನೆ ತಿರುಗಿಸತೊಡಗಿದರು. ಆಮೇಲೆ ನಯನಾಳ ಕಡೆ ನೋಡಿದರು. ಈಗೇನು ಮಾಡಲಿ ಅಂತ ಕೇಳಿದ ಹಾಗಿತ್ತು ಆ ನೋಟ.

ನಯನಾಳಿಗೆ ಅಳು ಬರುವ ಹಾಗಾಯಿತು. ತಾತ ಪ್ರಾಮಿಸ್ ಮುರಿಯುವವರಲ್ಲ. ಅವರ ಬಾಯಿ ಕಟ್ಟಿ ಹಾಕಿದ್ದು ತಾನೇ. ಅವಳು ಎದ್ದು ನಿಂತಳು.

“ತಾತ, ಲಂಗರ್ ವಿಷ್ಯ ಹೇಳು.”

“ಬೇಡ ಅಂದಿದ್ದೆ?”

“ಪ್ರಾಮಿಸ್ ಕ್ಯಾನ್ಸಲ್.” ಆಮೇಲೆ ಅವಳು ಕ್ಲಾಸಿನ ಕಡೆ ತಿರುಗಿ ಒಂದೇ ಉಸಿರಿನಲ್ಲಿ ಹೇಳಿದಳು: “ಲಂಗರ್ ಅಂದ್ರೆ ಹಡಗಿಂದಲ್ಲ. ಮಿಲಿಟರಿ ಅಡುಗೆಮನೆ. ತಪ್ಪು ತಿಳ್ಕೊಂಡಿದ್ದು ನಾನು. ತಾತ ಒಬ್ರೇ ಎತ್ತುತಿದ್ರು ಅಂದಿದ್ದು ಸುಳ್ಳು.” ಹೇಳಿ ದೊಪ್ಪಂತ ಕೂತಳು.

ಕ್ಲಾಸು ಗೊಳ್ಳೆಂದಿತು. ಹಿಂದಿನ ಬೆಂಚಿನಿಂದ ಉದ್ದನೆಯ “ಪೋಂ” ಬಂತು. ಸರ್ ಕೂಡ ಮೀಸೆಯೊಳಗೇ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾತ. ಕುರ್ಚಿ ಎಳೆದುಕೊಂಡು ಕೂತೇ ಬಿಟ್ಟರು.

“ಎತ್ತಿದ್ದೂ ಸುಳ್ಳಲ್ಲ ಬುಡ್ರಪ್ಪ. ಪೂರಿ ಮೂಟೆ ಎತ್ತಿದೀನಿ! ಅನ್ನ ಹೊತ್ಕೊಂಡು ಹೋದ್ರೆ ಮ್ಯಾಲೆ ತಲುಪೋಷ್ಟರಲ್ಲಿ ಕಲ್ಲಾಗ್ತಿತ್ತು, ಅಂಥ ಚಳಿ. ಅದಕ್ಕೇ ಪೂರಿ. ಕತ್ತಲಲ್ಲೇ ಹತ್ಬೇಕು. ಬ್ಯಾಟರಿ ಬಿಡಂಗಿಲ್ಲ, ಕೆಮ್ಮಂಗಿಲ್ಲ. ಮ್ಯಾಲೆ ಕಾವಲಿಗೆ ವರ್ಗೀಸ್ ಅಂತ ಒಬ್ಬ ಇರೋನು, ಕೇರಳದೋನು. ಬರೋರು ಯಾರು ಅಂತ ಕೇಳ್ಬೇಕಾದೋನು, ‘ಉಪ್ಪಿನಕಾಯಿ ತಂದ್ಯಾ?’ ಅಂತ ಕೇಳೋನು!”

ಮಕ್ಕಳು ಮುಂದಕ್ಕೆ ಸರಿದು ಕೂತರು.

“ಇನ್ನೊಬ್ಬ ಸೆಲ್ವರಾಜ, ಸೇಲಂ ಕಡೆಯೋನು. ಅವನಿಗೆ ಏನು ಕೊಟ್ರೂ ಉಪ್ಪು ಕಮ್ಮಿ. ಒಂದ್ಸಲ ನಾನು ಜಾರಿ ಬಿದ್ದು ಪೂರಿ ಮೂಟೆ ಮ್ಯಾಲೇ ಕುಂತ್ಬುಟ್ಟೆ. ಎಲ್ಲಾ ಪುಡಿಪುಡಿ. ಈ ಸೆಲ್ವರಾಜ ಆ ಪುಡೀನ ಚಮಚದಲ್ಲಿ ತಿಂದು ಏನಂದ ಗೊತ್ತಾ? ‘ಬಸವರಾಜು, ಉಪ್ಪಿಟ್ಟು ಚೆನ್ನಾಗೈತೆ. ಉಪ್ಪು ಮಾತ್ರ ಕಮ್ಮಿ!’”

ಗೌಸಿಯಾ ನಗುತ್ತ ನಗುತ್ತ ಬೆಂಚಿನಿಂದ ಜಾರಿದಳು.

“ಮಾರನೇ ಸಲ ಹೋದಾಗ ಒಂದು ಪ್ಯಾಕೆಟ್ ಉಪ್ಪು ತಗಂಡೋಗಿ ಅವನ ಜೇಬಿಗೇ ತುರುಕಿದೆ. ಅವತ್ತಿಂದ ಅವನಿಗೆ ಉಪ್ಪಿನಂಗಡಿ ಅಂತ ಹೆಸರಿಟ್ಟೆ. ಘಾಟಿ ಇಳಿದ್ರೆ ಆ ಹೆಸರಿನ ಊರೇ ಐತೆ ಅಂದ್ರೆ ನಂಬ್ತಾನೇ ಇರ್ಲಿಲ್ಲ. ‘ಯುದ್ಧ ಮುಗೀಲಿ, ನಿಮ್ಮೂರಿಗೆ ಬಂದು ನೋಡ್ತೀನಿ,’ ಅಂತಿದ್ದ.”

“ಬಂದಿದ್ರಾ ತಾತ?” ಗೌಸಿಯಾ ಕೇಳಿದಳು. “ಅವ್ರೆಲ್ಲ ಈಗ ಎಲ್ಲಿದಾರೆ?”

“ವರ್ಗೀಸು ರಬ್ಬರ್ ತೋಟ ಮಾಡ್ಕೊಂಡವ್ನೆ. ಹಬ್ಬ ಬಂದ್ರೆ ಫೋನ್ ಮಾಡ್ತಾನೆ.”

“ಉಪ್ಪಿನಂಗಡಿ ಅಂಕಲ್ಲು?”

“ಅವನಾ?” ತಾತ ನಗುತ್ತಲೇ ಇದ್ದರು. “ಅವನು ಅಲ್ಲೇ ಉಳ್ಕೊಂಡ ಕಣವ್ವ. ಬೆಟ್ಟದ ಮ್ಯಾಲೆ.”

ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. “ಲಂಗರ್ ಶುರುವಾಯ್ತು, ಬನ್ರೋ!” ಅಂತ ಪ್ರದೀಪ ಕೂಗಿದ. ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದರು. ನಯನಾ ಮಾತ್ರ ಏಳಲಿಲ್ಲ. ತಾತನ ಬೆರಳು ಮತ್ತೆ ಶರ್ಟಿನ ಗುಂಡಿಯನ್ನು ತಿರುಗಿಸುತ್ತಿತ್ತು.

ಊಟ ಮುಗಿಸಿ ಮನೆಗೆ ಹೊರಟಾಗ ತಾತ ಮುಂದೆ ನಡೆಯುತ್ತಿದ್ದರು. ಹಿಂದೆ ನಯನಾ ಮತ್ತು ಗೌಸಿಯಾ.

“ಅಲ್ಲ ಕಣೇ,” ಅಂದಳು ಗೌಸಿಯಾ, “ಅಷ್ಟು ಚಳೀಲಿ ಉಪ್ಪಿನಂಗಡಿ ಅಂಕಲ್ ಒಬ್ರೇ ಯಾಕೆ ಉಳ್ಕೊಂಡ್ರು? ಮನೆ ಕಟ್ಕೊಂಡ್ರಾ? ಊಟ ಯಾರು ತಂದ್ಕೊಡ್ತಾರೆ?”

ನಯನಾಳ ಬಾಯಿ ತನ್ನಷ್ಟಕ್ಕೇ ತೆರೆಯಿತು. ಗೊತ್ತಿದ್ದದ್ದು, ಗೊತ್ತಿಲ್ಲದ್ದು, ಎಲ್ಲವನ್ನೂ ಊರಿಗೆಲ್ಲ ಹೇಳುವ ಬಾಯಿ ಅದು. ಆದರೆ ಈ ಸಲ ಅವಳು ಅದನ್ನು ಮುಚ್ಚಿಕೊಂಡಳು.

“ನಡಿ, ತಾತನ ಹತ್ರ ಹೋಗಣ,” ಅಂದು ಗೌಸಿಯಾಳನ್ನು ಎಳೆದುಕೊಂಡು ಓಡಿದಳು.

“ತಾತ, ಉಪ್ಪಿನಂಗಡಿ ಅಂಕಲ್‌ದು ಇನ್ನೊಂದು ಹೇಳು.”

“ಯಾವ್ದು ಹೇಳ್ಲಿ ಮಗಾ?”

“ನಗು ಬರೋದು.”

ತಾತ ನಿಂತು ಅವಳನ್ನೇ ನೋಡಿದರು. ಆಮೇಲೆ ಗುಂಡಿಯಿಂದ ಕೈ ತೆಗೆದರು.

“ಅವನದೆಲ್ಲ ನಗು ಬರೋದೇ ಕಣೇ,” ಅಂದರು. “ಒಂದ್ಸಲ ಏನಾಯ್ತು ಗೊತ್ತಾ? ಈ ನನ್ಮಗ ನಮ್ಮ ಸಾಹೇಬ್ರ ಟೀಗೇ ಉಪ್ಪು ಹಾಕ್ಬುಟ್ಟ...”