ಗಾಡ್ಯಾಗ ಬಿಚ್ಚಿದ ಬುತ್ತಿ

"ಬಾಯಾರ, ಗಾಡ್ಯಾಗ ತಿನ್ನಂಗಿಲ್ರಿ. ಕಟ್ಟಿ ಇಡ್ರಿ."

ತಲಿ ಎತ್ತಿ ನೋಡಿದೆ. ಹೊಸ ಕಂಡಕ್ಟರ್, ಸಿದ್ದರಾಯ. ಇಸ್ತ್ರಿ ಹಾಕಿದ ಖಾಕಿ, ಕಿವಿ ಮ್ಯಾಲೆ ಪೆನ್ಸಿಲ್. ನೋಡಾಕ ಚೆಂದ ಇದ್ದ, ಆದ್ರ ಅವನ ಗತ್ತು ನೋಡಿ ನನಗ ಮೈಯೆಲ್ಲಾ ಉರದು ಹೋತು.

ಎಪ್ಪತ್ನಾಲ್ಕನೇ ಇಸವಿ ಅದು. ನಾ ಕಸ್ತೂರೆವ್ವ, ಮುದ್ದೇಬಿಹಾಳ ದವಾಖಾನ್ಯಾಗ ನರ್ಸ್. ಗೊಳಸಂಗಿಯಿಂದ ಮುಂಜಾನಿ ಮೊದಲ್ನೇ ಬಸ್ಸಿಗೆ ಹೊಂಟ್ರ ರೊಟ್ಟಿ ತಿನ್ನಾಕ ಬಸ್ಸೇ ಗತಿ. ವಾರ್ಡಿಗೆ ಹೊಕ್ಕ ಮ್ಯಾಲೆ ನೀರು ಕುಡಿಯಾಕೂ ಪುರುಸೊತ್ತಿಲ್ಲ.

"ಹಸದ ಹೊಟ್ಟಿಗೆ ನಿಮ್ಮ ಪರವಾನಗಿ ಬೇಕೇನ್ರಿ?"

"ರೂಲ್ ಐತ್ರಿ. ನನ್ನ ನೌಕರಿನೂ ಹೊಸದು."

ಸಿಟ್ಟಿಲೆ ಬುತ್ತಿ ಕಟ್ಟಿಟ್ಟೆ. ಆಮ್ಯಾಲೆ ದಿನಾ ಉಪಾಸ ಇದ್ದೆ. ಒಂದಿನ ಇಳಿಯುವಾಗ ಕಣ್ಣಿಗೆ ಕತ್ತಲಿ ಬಂದು ಕುಸದೆ. ಅವನೇ ಹಿಡದ, ಡ್ರೈವರನ ತಂಬಿಗಿ ತಂದು ನೀರು ಕುಡಿಸಿದ.

"ನಾಳಿಂದ ತಿನ್ರಿ," ಅಂದ, ಮಾರಿ ತಗ್ಗಿಸಿ. "ಯಾರರ ಕೇಳಿದ್ರ ನಾ ನೋಡ್ಕೋತೇನಿ."

ಮುಂದ ನಾ ತಿನ್ನೂದು, ಅವ ಟಿಕೆಟ್ ಹರಕೋತ ಕಳ್ಳಗಣ್ಣಿಲೆ ನೋಡೂದು. ನಾ ನೋಡಿದ್ನೆಂದ್ರ ಕಿಡಕಿ ಕಡೆ ಹೊಳ್ಳತಿದ್ದ. ಖರೇ ಹೇಳ್ತೇನಿ, ರೊಟ್ಟಿ ಮುಗೀಬಾರದು ಅನಸ್ತಿತ್ತು.

ಹಿಂಗ ಇದ್ದಾಗ ಒಂದಿನ ಚೆಕಿಂಗ್ ಸಾಹೇಬ್ರು ಹತ್ತಿದ್ರು. ನನ್ನ ಕೈಯಾಗ ರೊಟ್ಟಿ.

"ಕಂಡಕ್ಟರ್! ಗಾಡಿ ಏನು ಖಾನಾವಳಿ ಮಾಡೀಯೇನು? ರಿಪೋರ್ಟ್ ಬರೀತೇನಿ, ಮನೀಗೆ ಹೋಗಿ ಕುಂದ್ರು!"

ಸಿದ್ದರಾಯನ ಮಾರಿ ಬಿಳಿಚಿತು. "ನಾನೇ ತಿನ್ರಿ ಅಂದೇನ್ರಿ. ಅವ್ರದೇನೂ ತಪ್ಪಿಲ್ರಿ."

ನನ್ನ ಸಲುವಾಗಿ ಇವನ ನೌಕರಿ ಹೋಕ್ಕೈತಲ್ಲೋ ಶಿವನೇ! ನಮ್ಮ ಕಡೆ ಬುತ್ತಿ ಬಿಚ್ಚಿದವ್ರು ಎದುರಿಗಿದ್ದವ್ರನ್ನ ಕರೀದ ಉಣ್ಣಂಗಿಲ್ಲ. ಕರಿಸ್ಕೊಂಡವ್ರೂ ಒಂದು ತುತ್ತರ ತಗೊಳ್ಳದ ಹೋಗಂಗಿಲ್ಲ. ಗಪ್ಪನ ಎದ್ದು ನಿಂತೆ.

"ಬರ್ರಿ ಸಾಹೇಬ್ರ, ಊಟಾ ಮಾಡ್ರಿ," ಅಂತ ರೊಟ್ಟಿ, ಶೇಂಗಾ ಹಿಂಡಿ ಮುಂದ ಹಿಡದೆ.

ಇಡೀ ಬಸ್ಸು ಅವರ ಮಾರೀನೇ ನೋಡಾಕತ್ತಿತು. ಅವರೂ ಈ ಕಡೆಯವ್ರೇ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಮುರದು ಬಾಯಾಗ ಹಾಕ್ಕೊಂಡ್ರು.

"ಭಾಳ ಖಾರ ಐತಲ್ಲವಾ!" ಅಂದು ನೀರೂ ಇಸಕೊಂಡು ಕುಡದ್ರು. ಗಾಡ್ಯಾಗ ತಾವೇ ತಿಂದ ಮ್ಯಾಲೆ ಬರಿಯೂದೇನು? ಪೆನ್ನು ಕಿಸೆಕ್ಕ ಹೋತು. ಮಂದಿ ಕಿಸಕ್ಕಂತ ನಕ್ಕರು.

ಸಾಹೇಬ್ರು ಇಳದ ಮ್ಯಾಲೆ ಸಿದ್ದರಾಯ ನನ್ನ ಸೀಟಿನ ಹಂತ್ಯಾಕ ಬಂದ.

"ಅವ್ರನ್ನ ಕರದ್ರಿ. ನಾ ದಿನಾ ಎದುರಿಗೇ ನಿಂದರ್ತೇನಿ. ನನಗೊಮ್ಮೆರ ಬರ್ರಿ ಅಂದೀರೇನು?"

ಕೆನ್ನಿ ಬಿಸಿ ಆದ್ವು. ಆದ್ರೂ ಕಣ್ಣಾಗ ಕಣ್ಣಿಟ್ಟು ಹೇಳಿದೆ.

"ಒಂದು ತುತ್ತು ಕೊಟ್ಟು ನಿಮ್ಮನ್ನ ಕಳಸಾಕ ನನಗ ಮನಸಿಲ್ರಿ. ಐತ್ವಾರ ಮನೀಗೆ ಬರ್ರಿ, ಅಪ್ಪ ಇರ್ತಾನ. ಒಬ್ಬರೇ ಬರಬ್ಯಾಡ್ರಿ, ನಿಮ್ಮ ಹಿರ್ಯಾರನ್ನ ಕರಕೊಂಡು ಬರ್ರಿ."