ಸೋಮವಾರವೇ ಹಾಕಿದ ಆರು ಸಹಿ

2025ರ ಫೆಬ್ರವರಿ 12, ಬುಧವಾರ. ಸಂಜೆ 6 ಗಂಟೆ 10 ನಿಮಿಷಕ್ಕೆ ದಾವಣಗೆರೆ ವಿನೋಬನಗರದ ಯಾಸ್ಮೀನ್, ಇಪ್ಪತ್ತಾರು ವರ್ಷದವಳು, ಗಂಡ ಖುದ್ದೂಸನ ಜೊತೆ ಠಾಣೆಯ ಮೆಟ್ಟಿಲು ಹತ್ತಿದಳು. ಕೈಯಲ್ಲಿ ಕೂಸಿನ ಒಂದು ಚಪ್ಪಲಿ ಹಿಡಿದಿದ್ದಳು. ಕಾಲಿಟ್ಟಾಗಲೆಲ್ಲ ಕೀಂಕ್ ಎನ್ನುವಂಥದ್ದು. ಅದರ ಜೋಡಿ ಶವಾಗಾರದಲ್ಲಿ ಉಳಿದಿತ್ತು.

ಹೆಡ್ ಕಾನ್‌ಸ್ಟೆಬಲ್ ಜಮಾಲುದ್ದೀನ್ ದೂರು ಬರೆದುಕೊಳ್ಳಲು ಕುಳಿತರು. ಅವರ ಅಕ್ಷರವೆಂದರೆ ಠಾಣೆಗೇ ಹೆಮ್ಮೆ. ಅವರು ಬರೆದ ಪಂಚನಾಮೆಯನ್ನು ಮದುವೆ ಪತ್ರಿಕೆಯ ಹಾಗೆ ಊರಿಗೆಲ್ಲ ಹಂಚಬಹುದು ಎಂದು ಉಳಿದವರು ಕಾಲೆಳೆಯುವುದುಂಟು. ಅವತ್ತು ಯಾರೂ ಕಾಲೆಳೆಯಲಿಲ್ಲ. ಯಾಸ್ಮೀನ್ ಮಾತಾಡುತ್ತ ಮಾತಾಡುತ್ತ ಚಪ್ಪಲಿಯನ್ನು ಅಮುಕುತ್ತಿದ್ದಳು, ಅದು ಕೀಂಕ್ ಎನ್ನುತ್ತಿತ್ತು, ಜಮಾಲುದ್ದೀನ್ ಪೆನ್ನು ನಿಲ್ಲಿಸಿ ಮತ್ತೆ ಬರೆಯುತ್ತಿದ್ದರು.

ದೂರಿನ ಸಾರಾಂಶ ಇಷ್ಟು. ಯಾಸ್ಮೀನ್ ಹರಿಹರದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಒಂದು ವರ್ಷ ಎರಡು ತಿಂಗಳ ಮಗಳು ಬುಷ್ರಾಳನ್ನು ಅದೇ ಓಣಿಯಲ್ಲಿ ಎಲ್ಲರೂ ಅಜ್ಜಿ ಎನ್ನುವ ಮರುಳಸಿದ್ದಮ್ಮ ನಡೆಸುವ ಶಿಶುಪಾಲನಾ ಕೇಂದ್ರದಲ್ಲಿ ಬಿಟ್ಟು ಹೋಗುವುದು ರೂಢಿ. ಈ ದಿನ ಮಧ್ಯಾಹ್ನ ಸುಮಾರು 2:20ಕ್ಕೆ ಮಗು ಉಸಿರಾಡದೆ ಒದ್ದಾಡಿದೆ. ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಪ್ರಾಣ ಹೋಗಿದೆ. ತಾಯಿ ಹರಿಹರದಿಂದ ಬಂದು ಮುಟ್ಟಿದಾಗ ನಾಲ್ಕು ಗಂಟೆ.

ಇನ್ಸ್‌ಪೆಕ್ಟರ್ ಮಾಲತೇಶ್ ಎದುರಿನ ಕುರ್ಚಿಯಲ್ಲಿ ಕುಳಿತರು.

"ಕೂಸಿಗೆ ಏನಾದ್ರೂ ಕಾಯಿಲೆ ಇತ್ತೇನಮ್ಮ?"

"ಏನಿಲ್ರಿ ಸರ. ಬೆಳಿಗ್ಗೆ ನಕ್ಕೊಂತ ಇತ್ತು."

"ಕೇಂದ್ರದಾಗ ನೋಡ್ಕೊಳ್ಳೋರು ಎಷ್ಟು ಮಂದಿ?"

ಯಾಸ್ಮೀನ್ ಗಂಡನ ಮುಖ ನೋಡಿದಳು. "ಅಜ್ಜಿ ಇದ್ರು ಸರ," ಎಂದಳು.

ಕೇಳಿದ್ದಕ್ಕೂ ಹೇಳಿದ್ದಕ್ಕೂ ತಾಳೆಯಾಗಲಿಲ್ಲ ಎಂಬುದನ್ನು ಮಾಲತೇಶ್ ಗಮನಿಸಿದರು. ಆದರೆ ಅಂಥ ದಿನ ಅಂಥ ತಾಯಿಯನ್ನು ಹಿಡಿದು ಜಗ್ಗುವಷ್ಟು ಕಲ್ಲು ಮನಸ್ಸು ಅವರದಲ್ಲ. ನಿರ್ಲಕ್ಷ್ಯದಿಂದ ಸಾವು ಎಂದು ಭಾರತೀಯ ನ್ಯಾಯ ಸಂಹಿತೆಯ ಕಲಂ 106ರ ಅಡಿ ಎಫ್‌ಐಆರ್ ದಾಖಲಾಯಿತು. ಆಗ ಸಮಯ 6:50.

ಗುರುವಾರ ಬೆಳಿಗ್ಗೆ 11ಕ್ಕೆ ಮರಣೋತ್ತರ ಪರೀಕ್ಷೆ ಮುಗಿಯಿತು. ಶ್ವಾಸನಾಳದಲ್ಲಿ ಅರ್ಧ ಶೇಂಗಾ ಬೀಜ ಸಿಕ್ಕಿತ್ತು. ವಿಷವಿಲ್ಲ, ಗಾಯವಿಲ್ಲ. ಅರ್ಧ ಶೇಂಗಾ, ಅಷ್ಟೇ. ವೈದ್ಯರು ಅದನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಮೊಹರು ಮಾಡಿ ಕೊಟ್ಟರು. ಮಧ್ಯಾಹ್ನ ಮಗುವನ್ನು ಮಣ್ಣು ಮಾಡಿದರು.

ಅದೇ ದಿನ 12:30ಕ್ಕೆ ಸ್ಥಳ ಪಂಚನಾಮೆ ಇತ್ತು. ಕೇಂದ್ರವೆಂದರೆ ಹೆಸರಿಗೆ ಕೇಂದ್ರ, ನೋಡಿದರೆ ಎರಡು ಕೋಣೆಯ ಹೆಂಚಿನ ಮನೆ. ಬಾಗಿಲಲ್ಲಿ ಏಳೆಂಟು ಹೆಂಗಸರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದರು. ಅವರಲ್ಲಿ ಮಂಡಕ್ಕಿ ಭಟ್ಟಿಗೆ ಹೋಗುವವರಿದ್ದರು, ಮನೆಗೆಲಸದವರಿದ್ದರು, ಮಂಡಿಪೇಟೆಯ ಅಂಗಡಿಗಳಲ್ಲಿ ಕಾಳು ಆರಿಸುವವರಿದ್ದರು.

"ಸರ, ಬಾಗಿಲು ಯಾವಾಗ ತೆಗೀತಾರ?" ಎಂದಳು ಒಬ್ಬಳು.

"ಒಂದು ಕೂಸು ಸತ್ತೈತಮ್ಮ ಇಲ್ಲಿ," ಎಂದರು ಮಾಲತೇಶ್.

"ಗೊತ್ತೈತ್ರಿ ಸರ. ನಿನ್ನೆಯಿಂದ ಉಂಡಿಲ್ಲ ನಾನೂ. ಆದ್ರ ಇದನ್ನ ಎಲ್ಲಿ ಬಿಡ್ಲಿ ಹೇಳ್ರಿ? ಭಟ್ಟಿ ಬೆಂಕಿ ಮುಂದ ಕೂರಿಸ್ಲಾ?"

ಮಾಲತೇಶ್ ಹೊಸ್ತಿಲ ಕಡೆ ತಿರುಗಿದರು. ಪಕ್ಕದಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ ರೇವತಿ ಮುಖ ತಿರುಗಿಸಿಕೊಂಡಳು. ಅವಳ ಎರಡು ವರ್ಷದ ಮಗ ಲೋಕಿಕೆರೆಯಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದ. ರಜೆ ಸಿಕ್ಕ ದಿನ ಹೋದರೆ ಅವನು ಹೊಸಬರನ್ನು ಕಂಡಂತೆ ಅಜ್ಜಿಯ ಸೆರಗಿನ ಹಿಂದೆ ನಿಲ್ಲುತ್ತಿದ್ದ.

ಒಳಗೆ ಗೋಡೆಯ ಉದ್ದಕ್ಕೂ ಹದಿನಾರು ಸ್ಟೀಲ್ ಲೋಟಗಳಿದ್ದವು. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ. ಅಕ್ಷರ ಬಾರದ ಮಕ್ಕಳಿಗೆ ತಮ್ಮ ಲೋಟ ಗುರುತು ಸಿಗಲೆಂದು ಕಟ್ಟಿದ್ದು. ತೊಲೆಗೆ ಕಟ್ಟಿದ ಸೀರೆಯ ಜೋಲಿ. ಬಾಗಿಲ ಮೇಲೆ ಪರವಾನಗಿಯ ಬೋರ್ಡು: ಪ್ರತಿ ಹತ್ತು ಮಕ್ಕಳಿಗೆ ಒಬ್ಬರು ಆರೈಕೆದಾರರು, ಒಟ್ಟು ಆರೈಕೆದಾರರು ಇಬ್ಬರು.

ಮರುಳಸಿದ್ದಮ್ಮ ಗೋಡೆಗೆ ಒರಗಿ ಕುಳಿತಿದ್ದರು. ವಯಸ್ಸು ಅರವತ್ತೊಂದು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಅದರ ಮೇಲೆ ಬೆವರು.

"ಏನಾತು ಹೇಳ್ರಿ."

"ದೊಡ್ಡ ಹುಡುಗ್ರಿಗೆ ಮಂಡಕ್ಕಿ ಕೊಟ್ಟಿದ್ದೆ. ಶೇಂಗಾ ಹಾಕಿದ್ದೆ. ಒಂದು ಕೂಸು ಹೇಸಿಗೆ ಮಾಡ್ಕೊಂಡಿತ್ತು, ತೊಳೆಯಾಕ ಹಿತ್ತಲಿಗೆ ಹೋದೆ. ಬರೋದ್ರಾಗ ಬುಷ್ರಾ ಕಣ್ಣು ಮ್ಯಾಲೆ ಮಾಡಿತ್ತು."

"ಶೇಂಗಾ ಅದರ ಬಾಯಿಗೆ ಹಾಕಿದ್ದು ಯಾರು?"

"ನಾನೇ ಹಾಕಿದೆ ಅಂತ ಬರ್ಕೊಳ್ರಿ."

"ಹಿತ್ತಲಾಗ ಇದ್ದೋರು ಹೆಂಗೆ ಹಾಕ್ತೀರಿ?"

ಮುದುಕಿ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡರು. ಹಾಕಿದ್ದು ಯಾವುದೋ ನಾಲ್ಕು ವರ್ಷದ ಮಗು. ತನ್ನ ಪಾಲಿನಲ್ಲಿ ಒಂದು ಕಾಳನ್ನು ಪ್ರೀತಿಯಿಂದ ಚಿಕ್ಕದರ ಬಾಯಿಗಿಟ್ಟಿದೆ. ಅದರ ಹೆಸರು ಕಾಗದದ ಮೇಲೆ ಬರುವುದು ಆಕೆಗೆ ಬೇಡವಾಗಿತ್ತು. ಮಾಲತೇಶ್ ಆ ಸಾಲನ್ನು ಖಾಲಿ ಬಿಡಿಸಿದರು.

"ಎರಡನೇ ಆರೈಕೆದಾರರು ಯಾರು?"

"ಯಾರೂ ಇದ್ದಿಲ್ಲ. ಎಲ್ಲಾ ನನ್ನದೇ ತಪ್ಪು."

"ಬೋರ್ಡಿನಾಗ ಇಬ್ರು ಅಂತ ಐತೆ. ಹಾಜರಿ ಪುಸ್ತಕ ಕೊಡ್ರಿ."

"ಸುಟ್ಟು ಹಾಕಿದೆ. ಒಲೆಗೆ."

ಮಾಲತೇಶ್ ಅಡುಗೆ ಮೂಲೆಗೆ ಹೋಗಿ ನೋಡಿ ಬಂದರು. ಅಲ್ಲಿದ್ದದ್ದು ಗ್ಯಾಸ್ ಒಲೆ, ಒರೆಸಿ ಒರೆಸಿ ಹೊಳೆಯುತ್ತಿತ್ತು. ಅರವತ್ತೊಂದು ವರ್ಷ ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಒಮ್ಮೆಲೇ ಹೇಳಲು ಹೊರಟರೆ ಹೀಗೇ ಆಗುತ್ತದೆ. ತನ್ನ ತಲೆ ಉಳಿಸಿಕೊಳ್ಳಲು ಪುಸ್ತಕ ಅಡಗಿಸಿದ್ದಾಳೆ ಎಂದುಕೊಂಡರು ಮಾಲತೇಶ್. ಅವರ ಲೆಕ್ಕ ಅಲ್ಲಿ ತಪ್ಪಿತ್ತು.

ಶುಕ್ರವಾರ 10:45ಕ್ಕೆ ಮಾಲತೇಶ್ ಮತ್ತು ರೇವತಿ ಪರವಾನಗಿ ಕೊಡುವ ಕಚೇರಿಗೆ ಹೋದರು. ಗುಮಾಸ್ತ ಫೈಲು ತೆಗೆದು ಧೂಳು ಕೊಡವಿದ. ಹಿಂದಿನ ಜೂನ್‌ನಲ್ಲಿ ಮರುಳಸಿದ್ದಮ್ಮನಿಗೆ ನೋಟಿಸ್ ಹೋಗಿತ್ತು: ಹದಿನಾರು ಮಕ್ಕಳಿಗೆ ಇಬ್ಬರು ಆರೈಕೆದಾರರು ಇರಲೇಬೇಕು, ಎರಡನೆಯವರು ಪಿಯುಸಿ ಪಾಸಾಗಿರಬೇಕು, ಇಲ್ಲದಿದ್ದರೆ ಮುಚ್ಚಬೇಕು. ಸೆಪ್ಟೆಂಬರ್‌ನಲ್ಲಿ ಆಕೆ ಉತ್ತರ ಕೊಟ್ಟಿದ್ದರು. ಜೊತೆಗೆ ಎರಡನೇ ಆರೈಕೆದಾರರ ಪಿಯುಸಿ ಅಂಕಪಟ್ಟಿ, ಆಧಾರ್ ನಕಲು, ಫೋಟೋ.

ರೇವತಿ ಫೋಟೋ ನೋಡಿ ಫೈಲನ್ನು ಸಾಹೇಬರ ಕಡೆ ಸರಿಸಿದಳು. ಕೆಳಗೆ ಟೈಪು ಮಾಡಿತ್ತು: ಯಾಸ್ಮೀನ್ ಕೋಂ ಖುದ್ದೂಸ್, ವಿನೋಬನಗರ.

"ಸರ, ಇದು..."

"ಗೊತ್ತಾತು."

ಗುಮಾಸ್ತ ಚಹಾ ತರಿಸಲೇ ಎಂದು ಕೇಳಿದ. ಇಬ್ಬರೂ ಬೇಡವೆಂದರು.

ಕಚೇರಿಯವರು ತಪಾಸಣೆಗೆ ಹೋದಾಗ ಈ ಹೆಣ್ಣುಮಗಳು ಅಲ್ಲಿದ್ದಳೇ ಎಂದು ಮಾಲತೇಶ್ ಕೇಳಿದರು. ಇದ್ದಳಂತೆ, ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಳಂತೆ. ಬರುವ ದಿನವನ್ನು ಮೊದಲೇ ಫೋನ್ ಮಾಡಿ ತಿಳಿಸಿದ್ದರಂತೆ.

ಮಧ್ಯಾಹ್ನ 1:15ಕ್ಕೆ ಜೀಪು ಹರಿಹರ ಸೇರಿತು. ಗಾರ್ಮೆಂಟ್ಸ್‌ನ ಸೂಪರ್‌ವೈಸರ್ ಕಂಪ್ಯೂಟರಿನಲ್ಲಿ ಬೆರಳಚ್ಚಿನ ದಾಖಲೆ ತೋರಿಸಿದ. ಫೆಬ್ರವರಿ 12, ಯಾಸ್ಮೀನ್: ಒಳಗೆ ಬೆಳಿಗ್ಗೆ 8:27, ಹೊರಗೆ ಮಧ್ಯಾಹ್ನ 3:05. ಸರ್ಕಾರಿ ಕಾಗದದ ಪ್ರಕಾರ ಅದೇ ಹೊತ್ತಿನಲ್ಲಿ ಅವಳು ವಿನೋಬನಗರದಲ್ಲಿ ಎಂಟು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವುಗಳಲ್ಲಿ ಒಂದು ಅವಳದೇ.

ವಾಪಸು ಬರುವ ದಾರಿಯಲ್ಲಿ ರೇವತಿ ಕೇಳಿದಳು, "ಇವತ್ತೇ ಕರೆಸೋದಾ ಸರ ಆ ಹುಡುಗೀನ?"

ಮಾಲತೇಶ್ ಠಾಣೆಗೆ ಫೋನ್ ಮಾಡಿ ಅದನ್ನೇ ಕೇಳಿದರು. ಆ ಕಡೆಯಿಂದ ಜಮಾಲುದ್ದೀನ್, "ನಾಳೆ ಕೂಸಿನ ಮೂರನೇ ದಿನದ ಪ್ರಾರ್ಥನೆ, ಜಿಯಾರತ್ ಐತೆ ಸರ. ಅದು ಮುಗೀಲಿ," ಎಂದರು. ಮಾಲತೇಶ್ ಒಪ್ಪಿದರು.

ಶನಿವಾರ ಮಧ್ಯಾಹ್ನ 3 ಗಂಟೆಗೆ ಅವರೇ ಅವಳ ಮನೆಗೆ ಹೋದರು. ಯಾಸ್ಮೀನ್ ಚಾಪೆಯ ಮೇಲೆ ಕುಳಿತಿದ್ದಳು. ರೇವತಿ ಪಕ್ಕದಲ್ಲಿ ಕುಳಿತು ಅಂಕಪಟ್ಟಿಯ ನಕಲನ್ನು ಮುಂದಿಟ್ಟಳು.

"ಇದು ನಿಮ್ದೇ ಏನ್ರಿ?"

"ಹೂಂ ರಿ ಅಕ್ಕ."

ಖುದ್ದೂಸ್ ಕಾಗದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಏನೂ ಗೊತ್ತಿರಲಿಲ್ಲ. "ಏನಿದು ಯಾಸ್ಮೀನ್?" ಎಂದ.

ಅವಳು ಹೇಳಿದಳು. ನೋಟಿಸ್ ಬಂದ ಮೇಲೆ ಅಜ್ಜಿ ಪಿಯುಸಿ ಓದಿದ ಹುಡುಗಿಯೊಬ್ಬಳನ್ನು ಇಟ್ಟುಕೊಂಡರು. ಫೀ ಎರಡರಷ್ಟಾಯಿತು. ಒಂದೇ ತಿಂಗಳಲ್ಲಿ ಏಳು ಮಕ್ಕಳು ಬಿಟ್ಟು ಹೋದವು. ಒಂದನ್ನು ತಾಯಿ ಮಂಚದ ಕಾಲಿಗೆ ಸೀರೆಯಿಂದ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದಳು. ಇನ್ನೊಂದು ಭಟ್ಟಿಯಲ್ಲಿ ಕೈ ಸುಟ್ಟುಕೊಂಡಿತು. ಉಳಿದವರ ಫೀಯಲ್ಲಿ ಸಂಬಳ ಸಾಲದೆ ಆ ಹುಡುಗಿಯೂ ಬಿಟ್ಟಳು. ಆಗ ತಾಯಂದಿರೆಲ್ಲ ಬಂದು ಅಜ್ಜಿಯ ಕಾಲು ಹಿಡಿದರು.

"ಅಜ್ಜಿ ಮುಚ್ತೀನಿ ಅಂದ್ರು ಸರ. ನಾನೇ ಮುಚ್ಚಬ್ಯಾಡ್ರಿ ಅಂದೆ. ನನ್ನ ಮಾರ್ಕ್ಸ್ ಕಾರ್ಡ್ ಐತೆ, ಹಾಕ್ರಿ ಅಂದೆ. ಹಂಗಾದ್ರ ಬುಷ್ರಾಗೆ ಫೀ ಬ್ಯಾಡ ಅಂದ್ರು. ಖುಷಿಯಾತು ನಂಗೆ."

"ಹಾಜರಿ ಹೆಂಗೆ ಹಾಕ್ತಿದ್ರಿ?"

"ಸೋಮವಾರ ಬೆಳಿಗ್ಗೆ ಕೂಸು ಬಿಡಾಕ ಹೋದಾಗ ಶನಿವಾರದ ತನಕ ಒಂದೇ ಸಲ ಹಾಕಿ ಹೋಗ್ತಿದ್ದೆ. ಬಸ್ಸಿಗೆ ಹೊತ್ತಾಗ್ತಿತ್ತು." ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. "ಈ ಸೋಮವಾರ ಕೂಸು ಪೆನ್ನು ಕಿತ್ಕೊಂತು ಸರ. ಕೈ ಮ್ಯಾಲೆ ಹೊಡ್ದೆ. ಅಳ್ತಾ ಇತ್ತು. ಹಂಗೇ ಬಿಟ್ಟು ಬಸ್ಸಿಗೆ ಓಡಿದೆ."

ಖುದ್ದೂಸ್ ಎದ್ದು ಹೊರಗೆ ಹೋದ. ಯಾಸ್ಮೀನ್ ಅಳಲಿಲ್ಲ. "ಆ ಹೊತ್ತಿನಾಗ ಅಲ್ಲಿ ಇರಬೇಕಾಗಿದ್ದೋಳು ನಾನೇ ಅಲ್ಲೇನ್ರಿ ಸರ?" ಎಂದು ಮಾತ್ರ ಕೇಳಿದಳು. ರೇವತಿ ಅವಳ ಕೈ ಹಿಡಿದುಕೊಂಡಳು. ಪೊಲೀಸ್ ಕೆಲಸದಲ್ಲಿ ಹೀಗೆ ಕೈ ಹಿಡಿಯಬಾರದು. ಮಾಲತೇಶ್ ನೋಡಿಯೂ ನೋಡದಂತೆ ಇದ್ದರು.

4:20ಕ್ಕೆ ಮರುಳಸಿದ್ದಮ್ಮನ ಮನೆ.

"ಯಾಸ್ಮೀನ್ ಎಲ್ಲಾ ಹೇಳ್ಯಾಳೆ. ಪುಸ್ತಕ ಕೊಡ್ರಿ ಅಮ್ಮ."

ಮೂರು ದಿನ ಕಲ್ಲಿನಂತೆ ಕುಳಿತಿದ್ದ ಮುದುಕಿ ಆಗ ಅತ್ತರು. "ಅಯ್ಯೋ, ಆ ಹುಡುಗಿ ಯಾಕ ಹೇಳಿದ್ಲು? ಕೂಸು ಕಳ್ಕೊಂಡಾಳೆ. ಅದರ ಮ್ಯಾಲೆ ಕೇಸೂ ಹಾಕ್ತೀರಲ್ಲ ಸರ. ಅದಕ್ಕೇ ಅಡಗಿಸಿದ್ದು ನಾನು."

ಮೂಲೆಯಲ್ಲಿದ್ದ ಮಂಡಕ್ಕಿಯ ದೊಡ್ಡ ಡಬ್ಬಿಗೆ ಮೊಳಕೈವರೆಗೆ ಕೈ ಹಾಕಿ ಹಾಜರಿ ಪುಸ್ತಕವನ್ನು ಹೊರತೆಗೆದರು. ಹಾಳೆಗಳ ನಡುವೆ ಸಿಕ್ಕಿದ್ದ ಮಂಡಕ್ಕಿ ನೆಲದ ಮೇಲೆ ಉದುರಿತು. ಪಂಚರ ಸಮಕ್ಷಮ ಪುಸ್ತಕ ವಶಕ್ಕೆ ತೆಗೆದುಕೊಳ್ಳಲಾಯಿತು. ಸಂಜೆ 5:05ಕ್ಕೆ ಮರುಳಸಿದ್ದಮ್ಮನನ್ನು ದಸ್ತಗಿರಿ ಮಾಡಲಾಯಿತು. ಜೀಪು ಹತ್ತುವ ಮುಂಚೆ ಆಕೆ ರೇವತಿಯನ್ನು ಕರೆದು, ಹಸಿರು ದಾರದ ಲೋಟದ ಕೂಸಿಗೆ ಆಕಳ ಹಾಲು ಆಗಿಬರುವುದಿಲ್ಲ, ಯಾರಾದರೂ ಇಟ್ಟುಕೊಂಡರೆ ಹೇಳಬೇಕು ಎಂದರು.

ಆಕೆಯ ಹೇಳಿಕೆ ಒಂದೂವರೆ ಪುಟ. ಇಪ್ಪತ್ತು ವರ್ಷದ ಹಿಂದೆ ಪಕ್ಕದ ಮನೆಯವಳು ಭಟ್ಟಿಗೆ ಹೋಗುವಾಗ ಒಂದು ಕೂಸನ್ನು ಬಿಟ್ಟು ಹೋದದ್ದರಿಂದ ಶುರುವಾಗುತ್ತದೆ. ನಿಯಮ ತಪ್ಪು ಎಂದು ಆಕೆ ಎಲ್ಲಿಯೂ ಹೇಳಿಲ್ಲ. "ಇಬ್ರು ಇರಬೇಕು ಅಂತ ಅವರು ಹೇಳಿದ್ದು ಖರೇ ಸರ. ಇನ್ನೊಬ್ರು ಇದ್ದಿದ್ರ ಕೂಸು ಉಳೀತಿತ್ತು. ಇನ್ನೊಬ್ರಿಗೆ ಸಂಬಳ ಯಾರು ಕೊಡ್ತಾರ ಅಂತ ಮಾತ್ರ ಅವರು ಹೇಳ್ಲಿಲ್ಲ. ಬಾಗಿಲಿಗೆ ಬಂದ ಕೂಸಿಗೆ ಬ್ಯಾಡ ಅನ್ನಾಕ ನಂಗೆ ಬರ್ಲಿಲ್ಲ." ಇದು ಆ ಹೇಳಿಕೆಯ ಕೊನೆಯ ಭಾಗ. ಜಮಾಲುದ್ದೀನ್ ಅದನ್ನು ಒಂದಕ್ಷರ ಬದಲಿಸದೆ ಬರೆದುಕೊಂಡರು.

5:40ಕ್ಕೆ ಯಾಸ್ಮೀನ್ ಠಾಣೆಗೆ ಬಂದಳು. ಸುಳ್ಳು ದಾಖಲೆಯ ವಿಷಯದಲ್ಲಿ ಅವಳು ಎರಡನೇ ಆರೋಪಿ. ತನ್ನದೇ ದೂರಿನ ಪ್ರಕರಣದಲ್ಲಿ ಆರೋಪಿ. ಬಂಧಿಸದೆ ಹಾಜರಾಗುವ ನೋಟಿಸ್ ಕೊಡುವುದಷ್ಟೇ ಮಾಲತೇಶ್ ಕೈಯಲ್ಲಿತ್ತು, ಅದನ್ನು ಮಾಡಿದರು. ಆಮೇಲೆ ಸಹಿಗಳನ್ನು ಗುರುತಿಸಬೇಕಿತ್ತು. ಜಮಾಲುದ್ದೀನ್ ಪುಸ್ತಕ ಬಿಚ್ಚಿ ಕೇಳುತ್ತ ಹೋದರು.

"ಸೋಮವಾರ, ಹತ್ತನೇ ತಾರೀಖು. ನಿಮ್ದೇ ಸಹಿ?"

"ನಂದೇ."

"ಮಂಗಳವಾರ?"

"ನಂದೇ."

"ಬುಧವಾರ?"

ಯಾಸ್ಮೀನ್ ತಲೆಯಾಡಿಸಿದಳು. ಹಾಜರು ಎಂದು ಪಕ್ಕದಲ್ಲಿ ಬರೆದಿತ್ತು, ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ.

"ಗುರುವಾರ?"

"ನಂದೇ."

"ಶುಕ್ರವಾರ?"

"ನಂದೇ ಸರ." ಕೂಸು ಮಣ್ಣಾದ ಮರುದಿನವೂ ಅವಳು ಕಾಗದದ ಮೇಲೆ ಅದನ್ನು ನೋಡಿಕೊಂಡಿದ್ದಳು.

"ಶನಿವಾರ?"

ಶನಿವಾರದ ಚೌಕದಲ್ಲಿ ಹೆಸರಿರಲಿಲ್ಲ. ನೀಲಿ ಶಾಯಿಯ ಒಂದು ಡೊಂಕು ಗೆರೆ ಒಳಗಿನಿಂದ ಹೊರಟು, ಚೌಕ ದಾಟಿ, ಹಾಳೆಯ ಅಂಚಿನವರೆಗೆ ಹೋಗಿತ್ತು. ಯಾಸ್ಮೀನ್ ಬಗ್ಗಿ ನೋಡಿದಳು. ಗೆರೆ ಶುರುವಾದಲ್ಲಿ ಬೆರಳಿಟ್ಟು ಅದರ ಮೇಲೇ ಮೆಲ್ಲಗೆ ಕೊನೆಯವರೆಗೆ ಹೋದಳು. ಆ ಬೆರಳು ನಿಂತ ಮೇಲೆ ಅವಳಿಗೆ ಅಳು ಬಂತು.

"ಇದು ನಂದಲ್ಲ ಸರ," ಎಂದಳು. "ಇದು ಬುಷ್ರಾದು."

ಜಮಾಲುದ್ದೀನ್ ಹಾಗೆಯೇ ಬರೆದರು. ಕೆಳಗೆ ಸಮಯ ಹಾಕಿದರು, 5:55.